ಮಡಿಕೇರಿ ಚಳಿಗೆ ಬ್ಲ್ಯಾಕ್ ಊದೋ, ಊದ್ ಸ್ಯಾಟಿನ್ ಮೂಡೋ?

ಎರಡೂ ಪರ್ಫ್ಯೂಮ್‌ಗಳು. ಎರಡರಲ್ಲೂ ಗುಲಾಬಿ ಇದೆ, ಊದ್ (ಅಗರ್ ಮರದ ಸುಗಂಧ) ಇದೆ. ಮೂಗಿಗೆ ಮಾತ್ರ ಅಜಗಜಾಂತರ.

ಮೊಂತಾಲ್ ಕಂಪನಿಯ ಬ್ಲ್ಯಾಕ್ ಊದ್ ಹಚ್ಚಿದ ಕೂಡಲೇ ಔಷಧಿಯ ಘಾಟು ಹೊಡೆಯುತ್ತದೆ. ಅಂಗಡಿಯಲ್ಲಿ ಕಾಗದದ ಪಟ್ಟಿ ಮೂಸಿ ಅಲ್ಲೇ ಬೇಡ ಅಂದುಬಿಡಬೇಡಿ, ಅರ್ಧ ಗಂಟೆ ತಡೆಯಿರಿ. ಘಾಟು ಇಳಿದ ಮೇಲೆ ಕಡುಗೆಂಪು ಗುಲಾಬಿ, ಪಚೋಲಿ ಎಲೆಯ ಮಣ್ಣುವಾಸನೆ, ತೊಗಲಿನಂಥ ಒಗರು ಒಂದೊಂದಾಗಿ ಏಳುತ್ತವೆ. ಸಿಹಿ ಇಲ್ಲವೇ ಇಲ್ಲ. ನನಗೆ ಹಿಡಿಸಿದ್ದೇ ಅದು.

ಈಗ ಕೊಡಗಿನ ಕೆಲವು ಕಾಫಿ ತೋಟಗಳಲ್ಲೂ ಅಗರ್ ಗಿಡ ಕಾಣುತ್ತಿದೆ. ಗಾಯವಾದ ಕಾಂಡಕ್ಕೆ ಶಿಲೀಂಧ್ರ ತಗುಲಿದಾಗ ಮರ ತನ್ನ ರಕ್ಷಣೆಗೆ ತುಂಬಿಕೊಳ್ಳುವ ರಾಳದಿಂದಲೇ ಊದ್ ಸಿಗುವುದು. ಗಾಯವಿಲ್ಲದ ಮರದಲ್ಲಿ ಈ ಪರಿಮಳವಿಲ್ಲ. ಊದ್ ಎಂದರೆ ಆ ಒರಟುತನ ಇರಲೇಬೇಕು ಎನ್ನುವವಳು ನಾನು.

ಸುಗಂಧ ತಯಾರಕ ಫ್ರಾನ್ಸಿಸ್ ಕುರ್ಕ್‌ಜಿಯಾನ್ 2015ರಲ್ಲಿ ತಂದ ಊದ್ ಸ್ಯಾಟಿನ್ ಮೂಡ್ ಶುರುವಿನಿಂದಲೇ ನಯ. ಬಲ್ಗೇರಿಯಾ, ಟರ್ಕಿಯ ಗುಲಾಬಿ, ವಯಲೆಟ್ ಹೂವಿನ ಪೌಡರ್ ಮೃದುತನ, ಅಡಿಯಲ್ಲಿ ವೆನಿಲ್ಲಾ, ಸಾಂಬ್ರಾಣಿ. ಲಾವೋಸ್‌ನ ಊದ್ ಹಾಕಿದ್ದೇವೆ ಅನ್ನುತ್ತಾರೆ. ನನ್ನ ಮೂಗಿಗೆ ಅದು ಹೂವಿನ ಹಿಂದೆಯೇ ನಿಲ್ಲುತ್ತದೆ.

ಇದನ್ನು ವಿರಾಜಪೇಟೆಯ ಒಂದು ಮದುವೆಗೆ ಹಚ್ಚಿಕೊಂಡು ಹೋಗಿದ್ದೆ. ಅತ್ತಿಗೆ ಬಹಳ ಮೆಚ್ಚಿದರು: "ರೇಷ್ಮೆ ಸೀರೆಗೆ ಇದೇ ಒಪ್ಪೋದು, ಆ ಇನ್ನೊಂದು ಬೇಡ." ಸೀರೆಗೆ ಒಪ್ಪಿತು, ನಿಜ. ಆದರೆ ತುಂಬಿದ ಮಂಟಪದ ಸೆಖೆಗೆ ವೆನಿಲ್ಲಾ ಉಬ್ಬಿ ಬಂತು. ಪಂದಿ ಕರಿಯ ಕಾಚಂಪುಳಿ ಪರಿಮಳದ ಜೊತೆ ಅಷ್ಟು ಸಿಹಿ ಸೇರಬಾರದು.

ಆಷಾಢದ ಜಡಿಮಳೆಯಲ್ಲಿ ಕಥೆಯೇ ಬೇರೆ. ಚಳಿಗೆ ಸುಗಂಧ ನಿಧಾನವಾಗಿ ಆವಿಯಾಗುವುದರಿಂದ ಸ್ಯಾಟಿನ್ ಮೂಡ್‌ನ ಸಿಹಿ ಅಡಗಿ ವಯಲೆಟ್ ಚೆನ್ನಾಗಿ ಕಾಣುತ್ತದೆ. ಬ್ಲ್ಯಾಕ್ ಊದ್ ಅಂತೂ ಉಣ್ಣೆಯ ಸ್ವೆಟರ್ ಹಿಡಿದುಕೊಂಡರೆ ಮರುದಿನಕ್ಕೂ ಇರುತ್ತದೆ, ಒಲೆಯ ಹೊಗೆ ತಾಗಿದರೂ ಕೆಡುವುದಿಲ್ಲ. ಒಮ್ಮೆ ಸಿಂಪಡಿಸಿದರೆ ಸಾಕು, ಎರಡನೆಯದು ಪಕ್ಕದವರಿಗೆ ಹಿಂಸೆ. ಹೂಮಳೆ ಬಿದ್ದು ಕಾಫಿ ಅರಳಿದ ದಿನಗಳಲ್ಲಿ ಎರಡನ್ನೂ ಮುಟ್ಟುವುದಿಲ್ಲ. ತೋಟವೆಲ್ಲ ಮಲ್ಲಿಗೆಯಂತೆ ಘಮಘಮಿಸುವಾಗ ಬಾಟಲಿ ಯಾಕೆ?

ಬೆಲೆಯಲ್ಲಿ ಸ್ಯಾಟಿನ್ ಮೂಡ್ ತುಂಬ ದುಬಾರಿ. ಒಂದೇ ಕೊಳ್ಳುವುದಾದರೆ ನನ್ನದು ಬ್ಲ್ಯಾಕ್ ಊದ್. ಸಿಹಿ ಇಷ್ಟಪಡುವವರು, ಸಂಜೆಯ ಸಮಾರಂಭಗಳಿಗೆಂದೇ ಹುಡುಕುವವರು ಇನ್ನೊಂದಕ್ಕೆ ಹೋಗಬಹುದು. ಯಾವುದಾದರೂ ಸರಿ, ಮೊದಲು 2 ಮಿ.ಲೀ. ಸ್ಯಾಂಪಲ್ ತರಿಸಿ, ಮಳೆಯಲ್ಲೊಮ್ಮೆ ಬಿಸಿಲಲ್ಲೊಮ್ಮೆ ಮೈಮೇಲೆ ಹಚ್ಚಿ ನೋಡಿ.