ತಳದಲ್ಲೊಂದು ತೂತು ಇಟ್ಟಿದ್ದರೆ! ಹಿತ್ತಲ ಫೈರ್ ಪಿಟ್ ಜೊತೆ ಮೂರು ಚಳಿಗಾಲ

ಪೆಟ್ಟಿಗೆ ಬಿಚ್ಚಿದ ದಿನ ಅಮ್ಮ ಕೇಳಿದ್ದು ಒಂದೇ ಮಾತು. "ಬೆಂಕಿ ಕಾಯಿಸೋಕೂ ದುಡ್ಡು ಕೊಟ್ಯಾ? ಬಚ್ಚಲೊಲೆ ಮುಂದೆ ಕೂತಿದ್ರೆ ಆಗ್ತಿರಲಿಲ್ವಾ?" 11,800 ರೂಪಾಯಿ ಎಂದು ಹೇಳುವ ಧೈರ್ಯ ಬರಲಿಲ್ಲ. ನಾಲ್ಕು ಸಾವಿರ ಅಂದೆ. ಅಮ್ಮ ಇದನ್ನು ಓದುವುದಿಲ್ಲ ಎಂಬ ನಂಬಿಕೆಯ ಮೇಲೆ ಇಲ್ಲಿ ನಿಜ ಬರೆಯುತ್ತಿದ್ದೇನೆ.

ನಮ್ಮದು ಮೂಡಿಗೆರೆ ಕಡೆ. ಮನೆ ಹಿಂದೆ ಸಣ್ಣ ಹಿತ್ತಲು, ಅದರಾಚೆ ಕಾಫಿ ತೋಟ. ನಾನು ತರಿಸಿದ್ದು ಎರಡು ಗೋಡೆಯ ಸ್ಟೀಲ್ ಫೈರ್ ಪಿಟ್, ಅಂದರೆ ಒಳಗೆ ಸೌದೆ ಉರಿಸಿ ಸುತ್ತ ಕೂತು ಬೆಂಕಿ ಕಾಯಿಸುವ ಕುಂಡ. 'ಹೊಗೆ ಬರಲ್ಲ' ಎಂದು ಮಾರುತ್ತಾರಲ್ಲ, ಅದೇ. ಹೊಗೆಯ ಮಾತು ಸುಳ್ಳಲ್ಲ. ಕೆಳಗಿನ ತೂತುಗಳಿಂದ ನುಗ್ಗಿದ ಗಾಳಿ ಎರಡು ಗೋಡೆಗಳ ನಡುವೆ ಕಾದು, ಮೇಲಂಚಿನ ತೂತುಗಳಿಂದ ಒಳಕ್ಕೆ ಚಿಮ್ಮುತ್ತದೆ. ಏಳುತ್ತಿದ್ದ ಹೊಗೆ ಅಲ್ಲೇ ಹೊತ್ತಿಕೊಳ್ಳುತ್ತದೆ. ಬಾಯಿಯ ಸುತ್ತ ಗ್ಯಾಸ್ ಒಲೆ ಹಚ್ಚಿದ ಹಾಗೆ ಕಾಣುತ್ತದೆ. ಸೌದೆ ಮಾತ್ರ ಒಣಗಿರಬೇಕು. ಹಸಿ ಸೌದೆ ತುರುಕಿದರೆ ಯಾವ ಪಿಟ್ ಆದರೂ ಕಣ್ಣಲ್ಲಿ ನೀರು ಬರಿಸುತ್ತದೆ.

ಜಾಗ ಹುಡುಕಲು ನಾನು ಒಂದು ವಾರ ತೆಗೆದುಕೊಂಡೆ. ದಿನಾ ಸಂಜೆ ಏಳು ಗಂಟೆಗೆ ಹಿತ್ತಲಿನ ನಾಲ್ಕು ಮೂಲೆಯಲ್ಲಿ ಊದಿನಕಡ್ಡಿ ಹಚ್ಚಿಟ್ಟು ಹೊಗೆ ಯಾವ ಕಡೆ ವಾಲುತ್ತದೆ ನೋಡುವುದು. ಪಕ್ಕದ ಮನೆಯವರು ಏನೋ ಪೂಜೆ ಮಾಡಿಸ್ತಿದ್ದಾರೆ ಅಂದುಕೊಂಡರು. ಚಳಿಗಾಲದಲ್ಲಿ ನಮ್ಮಲ್ಲಿ ಗಾಳಿ ಹೆಚ್ಚಾಗಿ ಮೂಡಲಿಂದ. ಹಾಗಾಗಿ ಮನೆಯ ಪಡುವಣ ಬದಿಗೆ, ಗೋಡೆಯಿಂದ ಇಪ್ಪತ್ತು ಅಡಿ ದೂರದಲ್ಲಿ, ಮೇಲೆ ಯಾವ ಕೊಂಬೆಯೂ ಇಲ್ಲದ ಕಡೆ ಇಟ್ಟೆವು. ಕೆಳಗೆ ಅರ್ಧ ಅಡಿ ಅಗೆದು ಜಲ್ಲಿ ತುಂಬಿಸಿ, ಸುತ್ತ ಕೂರಲು ಸೈಜುಗಲ್ಲಿನ ಕಟ್ಟೆ. ಬೆಂಕಿಯ ಹತ್ತಿರ ಅಂದಕ್ಕೆ ನುಣ್ಣನೆಯ ಹೊಳೆಕಲ್ಲು ಜೋಡಿಸೋಣ ಎಂದಿದ್ದೆ. ಮೇಸ್ತ್ರಿ ಬಿಡಲಿಲ್ಲ. "ಒಳಗೆ ನೀರು ಕುಡ್ಕೊಂಡಿರ್ತದೆ ಸಾರ್, ಕಾದ್ರೆ ಸಿಡೀತದೆ." ಪುಣ್ಯಾತ್ಮ.

ಮೊದಲ ಚಳಿಗಾಲ ಹಬ್ಬ. ಏಳೂವರೆಗೆ ಅಡಿಕೆ ಹಾಳೆ ಚೂರು ಮಾಡಿ ತಳಕ್ಕೆ, ಮೇಲೆ ಸಿಲ್ವರ್ ಓಕ್ ಸಿಗುಳು, ಒಂದೇ ಕಡ್ಡಿಗೆ ಹತ್ತಿಕೊಳ್ಳಬೇಕು. ಎರಡನೇ ಕಡ್ಡಿ ಗೀರಿದರೆ ಮಗಳು ನಗುತ್ತಾಳೆ. ಉರಿ ಹಿಡಿದ ಮೇಲೆ ಕಾಫಿ ಗಿಡದ ಬೊಡ್ಡೆ. ಕಿತ್ತು ಒಂದು ಬೇಸಿಗೆ ಒಣಗಿದ ರೋಬಸ್ಟಾ ಬೊಡ್ಡೆ ಒಂದಿದ್ದರೆ ಸಾಕು, ಊಟ ಮುಗಿಸಿ ಬಂದರೂ ಕೆಂಡ ಇರುತ್ತದೆ. ಬಿದಿರು ಹಾಕಬೇಡಿ, ಗಿಣ್ಣಿನ ನಡುವಿನ ಗಾಳಿ ಕಾದು ಪಟಾಕಿ ಹಾಗೆ ಸಿಡಿಯುತ್ತದೆ. ಕೊನೆಗೆ ಬಿಸಿ ಬೂದಿಯೊಳಗೆ ಗೆಣಸು. ಬೇಸಿಗೆಯಲ್ಲಿ ಅಮ್ಮ ಕೆಮ್ಮಣ್ಣು ಹಚ್ಚಿ ಎತ್ತಿಟ್ಟಿದ್ದ ಹಲಸಿನ ಬೀಜವೂ ಮೆಲ್ಲಗೆ ಹೊರಗೆ ಬಂತು. ಜನವರಿ ಹೊತ್ತಿಗೆ ಅಮ್ಮನ ಕುರ್ಚಿಯ ಜಾಗ ಖಾಯಂ ಆಗಿತ್ತು.

ಆಮೇಲೆ ಜೂನ್ ಬಂತು.

ಈ ಪಿಟ್‌ನ ತಳ ಪೂರ್ತಿ ಮುಚ್ಚಿದೆ. ಗಾಳಿಯ ತೂತುಗಳು ತಳದಿಂದ ಎರಡು ಇಂಚು ಮೇಲಿವೆ. ಅಂದರೆ ಎಷ್ಟೇ ಹರಿದು ಹೋದರೂ ಎರಡು ಇಂಚು ನೀರು ಒಳಗೇ ಉಳಿಯುತ್ತದೆ. ಅದಕ್ಕೆ ಬೂದಿ ಸೇರಿ ಕಪ್ಪು ಗಂಜಿ. ಬಗ್ಗಿಸಿ ಚೆಲ್ಲೋಣ ಅಂದರೆ ಎರಡು ಗೋಡೆಗಳ ನಡುವಿನ ನೀರು ಅತ್ತಿಂದಿತ್ತ ಓಡಾಡುತ್ತದೆಯೇ ಹೊರತು ಹೊರಗೆ ಬರುವುದಿಲ್ಲ. ಆಗಸ್ಟ್‌ನಲ್ಲಿ ಅದರೊಳಗೆ ಕಪ್ಪೆ ಕೂತಿತ್ತು. ಸೆಪ್ಟೆಂಬರ್‌ನಲ್ಲಿ ಉಜ್ಜಿ ನೋಡಿದರೆ ವೆಲ್ಡಿಂಗ್ ಮಾಡಿದ ಕಡೆಯೆಲ್ಲ ತುಕ್ಕು. ಮಾರುವಾಗ ತುಕ್ಕೇ ಹಿಡಿಯಲ್ಲ ಎಂದಿದ್ದರಲ್ಲ ಎಂದು ಮಾರಿದವರಿಗೆ ಫೋನ್ ಮಾಡಿದೆ. "ಮಳೆ ಬರುವಾಗ ಒಳಗೆ ಇಟ್ಟುಕೊಳ್ಳಿ ಸರ್" ಎಂಬ ಉತ್ತರ ಬಂತು. ಇಪ್ಪತ್ತು ಕಿಲೋ ಸ್ಟೀಲು, ನಾಲ್ಕು ತಿಂಗಳು ಮಳೆ, ಅದು ಸಾಲದು ಅಂತ ನವೆಂಬರ್‌ನಲ್ಲಿ ಸೈಕ್ಲೋನ್ ಮಳೆ. ಯಾವಾಗ ಎತ್ತುವುದು, ಯಾವಾಗ ಇಳಿಸುವುದು?

ಸಿಟ್ಟು ಇಳಿದ ಮೇಲೆ ಪೇಟೆಯ ವೆಲ್ಡಿಂಗ್ ಅಂಗಡಿಗೆ ಹೊತ್ತುಕೊಂಡು ಹೋದೆ. ಒಳತಳಕ್ಕೆ ನಾಲ್ಕು, ಹೊರತಳಕ್ಕೆ ನಾಲ್ಕು, 8 ಮಿಲಿಮೀಟರ್ ತೂತು. ಸ್ಟೇನ್‌ಲೆಸ್ ಸ್ಟೀಲಿಗೆ ಡ್ರಿಲ್ ಜೋರಾಗಿ ತಿರುಗಿಸಿದರೆ ಲೋಹ ಇನ್ನೂ ಗಟ್ಟಿಯಾಗಿ ಬಿಟ್ ಸವೆಯುತ್ತದಂತೆ. ಅವರು ಎಣ್ಣೆ ಬಿಟ್ಟುಕೊಂಡು, ನಿಧಾನಕ್ಕೆ, ಒತ್ತಿ ಕೊರೆದರು. 200 ರೂಪಾಯಿ. ವಾರಂಟಿ ಹೋಯಿತು, ಹೋಗಲಿ. ಆಮೇಲಿನ ಎರಡು ಮಳೆಗಾಲದಲ್ಲಿ ಒಂದು ಹನಿ ನೀರು ನಿಂತಿಲ್ಲ. ಎಲ್ಲ ಜಲ್ಲಿಗೆ ಇಳಿದು ಹೋಗುತ್ತದೆ. ಕಾರ್ಖಾನೆಯಲ್ಲಿ ಇದಕ್ಕೆ ಎಷ್ಟು ಖರ್ಚಾಗುತ್ತಿತ್ತು ಹೇಳಿ?

ಇನ್ನೊಂದು ಸಣ್ಣ ತಕರಾರು. ಬಿಸಿಯೆಲ್ಲ ನೇರ ಮೇಲಕ್ಕೆ ಹೋಗುತ್ತದೆ. ಗೋಡೆ ಅಡ್ಡ ಇರುವುದರಿಂದ ಮುಖ ಬೆಚ್ಚಗೆ, ಪಾದ ತಣ್ಣಗೆ. ನೆಲದ ಮೇಲೆ ಹಾಕುವ ನಮ್ಮ ಹಳೇ ಅಗ್ಗಿಷ್ಟಿಕೆಯಲ್ಲಿ ಈ ತೊಂದರೆ ಇರಲಿಲ್ಲ. ಅಮ್ಮ ಇದನ್ನು ವಾರಕ್ಕೊಮ್ಮೆ ನೆನಪಿಸುತ್ತಾರೆ, ಸಾಕ್ಸ್ ಹಾಕಿಕೊಂಡು.

ಚಿತ್ರದುರ್ಗ, ಬಳ್ಳಾರಿಯಂಥ ಒಣ ಸೀಮೆಯವರು ಯೋಚಿಸದೆ ತಗೊಳ್ಳಿ. ಮಲೆನಾಡಿನವರು ತಂದ ದಿನವೇ ತೂತು ಕೊರೆಸಿ, ಆಮೇಲೆ ಬೆಂಕಿ ಹಚ್ಚಿ. ಐದು ಸಾವಿರದೊಳಗೆ ಮುಗಿಸಬೇಕು ಅನ್ನುವವರಿಗೆ ಮೇಸ್ತ್ರಿ ಹಿಡಿದು ಒಂದು ಸುತ್ತು ಕೆಂಪುಕಲ್ಲು ಕಟ್ಟಿಸುವುದೇ ವಾಸಿ, ಹೊಗೆ ಸಹಿಸಿಕೊಳ್ಳಬೇಕು ಅಷ್ಟೇ. ನನ್ನ ಕಡೆಯಿಂದ ಮೂರು ಸ್ಟಾರ್. ವೆಲ್ಡಿಂಗ್ ಅಂಗಡಿಯವರಿಗೆ ಐದು.

ಮುಚ್ಚಳ ಬೇಕಾದರೆ ಬೇರೆಯಾಗಿ ಕೊಳ್ಳಬೇಕು, 1,900 ರೂಪಾಯಿ. ಕೊಳ್ಳಬೇಡಿ. ನಮ್ಮ ಬಚ್ಚಲ ಹಳೇ ಹಂಡೆಯ ಮುಚ್ಚಳ ಅದರ ಮೇಲೆ ಅಳತೆ ಮಾಡಿದ ಹಾಗೆ ಕೂರುತ್ತದೆ. ಹೊಳೆದದ್ದು ನನಗಲ್ಲ, ಅಮ್ಮನಿಗೆ.