ಹೆಸರು ಬೋರ್ಡಿನ ಮೇಲೋ, ಒಳಗಿನ ಪುಟದಲ್ಲೋ: ಒಂದು ಚೆನ್ನೆಮಣೆ ಗೇಮಿನ ಮೂರು ಪ್ರಯೋಗಗಳು

ಮಂಗಳೂರಿನ ಕದ್ರಿಯ ಬಾಡಿಗೆ ಕೋಣೆಯೊಂದರಲ್ಲಿ ನಾನೂ ನನ್ನ ಗೆಳೆಯನೂ ಕೆಲಸದ ಬಿಡುವಿನಲ್ಲಿ ಕಟ್ಟುತ್ತಿರುವ ಕಂಪ್ಯೂಟರ್ ಗೇಮಿಗೆ ಎರಡು ಮೂಲಗಳಿವೆ. ಒಂದು, ತುಳುನಾಡಿನ ಮನೆಗಳಲ್ಲಿ ಆಟಿ ತಿಂಗಳ ಮಳೆಗೆ ಹೊರಗೆ ತೆಗೆಯುತ್ತಿದ್ದ, ಗುಳಿಗಳಲ್ಲಿ ಕಾಯಿ ಹಂಚುತ್ತ ಆಡುವ 14 ಗುಳಿಗಳ ಚೆನ್ನೆಮಣೆ. ಇನ್ನೊಂದು, 2024ರಲ್ಲಿ ಬಿಡುಗಡೆಯಾದ ‘ಬಲಾಟ್ರೋ’ ಎಂಬ ಗೇಮ್. ಪೋಕರ್ ಎಂಬ ಇಸ್ಪೀಟಾಟದ ಪರಿಚಿತ ನಿಯಮಗಳನ್ನು ಇಟ್ಟುಕೊಂಡು, ಜೋಕರ್ ಎಲೆಗಳ ಮೂಲಕ ಆ ನಿಯಮಗಳನ್ನೇ ಬುಡಮೇಲು ಮಾಡುವ ಅದರ ಉಪಾಯವನ್ನು ನಾವು ಚೆನ್ನೆಗೆ ತಂದೆವು. ನಮ್ಮಲ್ಲಿ ಪ್ರತಿ ಸುತ್ತು ಗೆದ್ದವರಿಗೆ ಒಂದು ವಿಚಿತ್ರ ಕಾಯಿ ಸಿಗುತ್ತದೆ, ಅದು ಮುಂದಿನ ಸುತ್ತಿನಲ್ಲಿ ಕಾಯಿ ಹಂಚುವ ಲೆಕ್ಕವನ್ನೇ ಬದಲಿಸುತ್ತದೆ.

ಗೇಮನ್ನು ಜನರ ಮುಂದಿಡುವಾಗ ಈ ಋಣವನ್ನು ಹೇಳಬೇಕೇ, ಹೇಳಿದರೆ ಎಲ್ಲಿ ಹೇಳಬೇಕು ಎಂಬ ಪ್ರಶ್ನೆಯಲ್ಲಿ ಕಾನೂನಿನ ಒತ್ತಾಯವೇನೂ ಇಲ್ಲ. ಕಲ್ಪನೆಗೆ ಹಕ್ಕುಸ್ವಾಮ್ಯವಿಲ್ಲ, ಅದನ್ನು ಅಭಿವ್ಯಕ್ತಿಸಿದ ರೀತಿಗೆ ಮಾತ್ರ ಇದೆ ಎಂದು ಸುಪ್ರೀಂ ಕೋರ್ಟ್ 1978ರಲ್ಲೇ ಆರ್. ಜಿ. ಆನಂದ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಉಳಿಯುವುದು ವ್ಯಾಪಾರದ ಪ್ರಶ್ನೆ ಮತ್ತು ಮರ್ಯಾದೆಯ ಪ್ರಶ್ನೆ. ಇವೆರಡೂ ಒಂದೇ ಉತ್ತರ ಕೊಡುತ್ತವೆ ಎಂದು ನಾವು ಮೊದಲು ನಂಬಿದ್ದೆವು.

ನಾವು ಮೊದಲು ಪ್ರಯತ್ನಿಸಿದ್ದು ಹೆಸರನ್ನು ಬೋರ್ಡಿನ ಮೇಲೆಯೇ ಹಾಕುವ ದಾರಿ. ಉಡುಪಿಯ ಕಾಲೇಜೊಂದರ ಉತ್ಸವದಲ್ಲಿ ಸಿಕ್ಕ ಮೇಜಿನ ಹಿಂದೆ ‘ಚೆನ್ನೆಮಣೆಯಲ್ಲಿ ಬಲಾಟ್ರೋ’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದು ತೂಗುಹಾಕಿದೆವು. ಜನರನ್ನು ಕರೆತರುವುದರಲ್ಲಿ ಇದಕ್ಕೆ ಸಾಟಿಯಿಲ್ಲ ಎಂಬುದನ್ನು ಒಪ್ಪಲೇಬೇಕು. ಮೂರು ವಾಕ್ಯಗಳಲ್ಲಿ ವಿವರಿಸಬೇಕಾದದ್ದನ್ನು ಒಂದು ಹೆಸರು ವಿವರಿಸಿಬಿಡುತ್ತದೆ, ಹುಡುಗರು ತಾವಾಗಿಯೇ ಬಂದು ಕುಳಿತುಕೊಳ್ಳುತ್ತಾರೆ. ತೊಂದರೆ ಆರಂಭವಾದದ್ದು ಅವರು ಕುಳಿತ ಮೇಲೆ. ಅಂಕಗಳು ಗುಣಿಸುತ್ತ ಹೋಗಿ ಪರದೆಯಲ್ಲಿ ಬೆಂಕಿ ಏಳುವ ರೋಮಾಂಚನವನ್ನು ನಿರೀಕ್ಷಿಸಿ ಬಂದವರಿಗೆ, ಎದುರಾಳಿಯ ಗುಳಿಗಳನ್ನು ಎಣಿಸುತ್ತ ನಿಧಾನವಾಗಿ ಯೋಚಿಸಬೇಕಾದ ನಮ್ಮ ಆಟ ಸಪ್ಪೆಯಾಗಿ ಕಂಡಿತು. ‘ಹಾಗಾದ್ರೆ ಅದನ್ನೇ ಆಡಬಹುದಲ್ಲ ಅಣ್ಣಾ’ ಎಂದು ಒಬ್ಬ ಹುಡುಗ ಯಾವ ಕಹಿಯೂ ಇಲ್ಲದೆ ಹೇಳಿ ಎದ್ದು ಹೋದ. ನಾವು ಕೃತಜ್ಞತೆ ಎಂದು ಬರೆದದ್ದನ್ನು ಅವನು ಭರವಸೆ ಎಂದು ಓದಿದ್ದ, ಮತ್ತು ಪ್ರಚಾರಫಲಕವನ್ನು ಓದಬೇಕಾದದ್ದು ಅವನಂತೆಯೇ. ಮೊಬೈಲ್ ಆವೃತ್ತಿಗಂತೂ ಈ ದಾರಿ ಇನ್ನೂ ಇಕ್ಕಟ್ಟಿನದು. ಜನಪ್ರಿಯ ಆ್ಯಪ್‌ಗಳ ಹೆಸರುಗಳನ್ನು ಹುಡುಕುಪದಗಳಲ್ಲಿ ತುಂಬಬಾರದೆಂದು ಆಪಲ್‌ನ ನಿಯಮವೇ ಹೇಳುತ್ತದೆ.

ಮರುದಿನ ಬೋರ್ಡನ್ನು ಇಳಿಸಿ, ಗೇಮಿನ ಹೆಸರು ಮತ್ತು ಒಂದು ಚಿತ್ರ ಮಾತ್ರ ಇಟ್ಟೆವು. ಇದು ಎಲ್ಲಕ್ಕಿಂತ ಕೆಟ್ಟ ದಾರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಬಂದವರು ಕಡಿಮೆ. ಬಂದವರಲ್ಲಿ ‘ಬಲಾಟ್ರೋ’ ಆಡಿದ್ದವರು ಐದು ನಿಮಿಷದಲ್ಲಿ ಮೂಲವನ್ನು ಗುರುತಿಸಿ, ‘ಕಾಪಿ ಅಲ್ವಾ?’ ಎಂದು ಕೇಳಿದರು. ನಾವೇ ಮೊದಲು ಹೇಳಿದ್ದರೆ ಸಾಮಾನ್ಯ ಮಾಹಿತಿಯಾಗಿರುತ್ತಿದ್ದ ಸಂಗತಿ, ಅವರು ಕಂಡುಹಿಡಿದಾಗ ಸಿಕ್ಕಿಬಿದ್ದ ಕಳವಿನಂತಾಯಿತು. ಇನ್ನೂ ದೊಡ್ಡ ಏಟು ಬಿದ್ದದ್ದು ಕೆಲವು ವಾರಗಳ ಬಳಿಕ, ಮಂಗಳೂರಿನ ಮಹಿಳಾ ಮಂಡಳಿಯೊಂದರ ಆಟಿ ಕಾರ್ಯಕ್ರಮಕ್ಕೆ ಮೂಲಗಳ ಹೆಸರಿಲ್ಲದ ಅದೇ ಚಿತ್ರವನ್ನು ಒಯ್ದಾಗ. ‘ಬಲಾಟ್ರೋ’ದ ಗಾಳಿಯೂ ಸೋಕದ ವಯಸ್ಸಾದ ಅಮ್ಮನೊಬ್ಬರು ಪರದೆಯನ್ನು ಸ್ವಲ್ಪ ಹೊತ್ತು ನೋಡಿ, ‘ಇದು ನಮ್ಮ ಚೆನ್ನೆಯೇ ಅಲ್ವಾ ಮಗಾ, ಹೆಸರು ಯಾಕೆ ಹಾಕ್ಲಿಲ್ಲ?’ ಎಂದು ಕೇಳಿದರು. ನಾನು ಎಷ್ಟೋ ದಿನ ಚಿಂತಿಸಿದ್ದು, ಹೆಸರನ್ನು ಕಾಯಲು ಲಕ್ಷಾಂತರ ಅಭಿಮಾನಿಗಳಿರುವ ಗೇಮಿನ ಬಗ್ಗೆ ಮಾತ್ರ. ಚೆನ್ನೆಮಣೆ ಎಂಬ ಇನ್ನೊಂದು ಮೂಲ ನನ್ನ ಲೆಕ್ಕಕ್ಕೇ ಬಂದಿರಲಿಲ್ಲ.

ಮೂರನೆಯ ದಾರಿ ಈ ಎರಡು ಅನುಭವಗಳಿಂದ ಹುಟ್ಟಿತು. ಮುಂದಿನ ಫಲಕದಲ್ಲಿ ಚೆನ್ನೆಮಣೆಯ ಹೆಸರು, ಅದರ ಕೆಳಗೆ ‘ರೋಗ್‌ಲೈಕ್’ (ಸೋತರೆ ಮೊದಲಿನಿಂದ ಆಡಬೇಕಾದ, ಪ್ರತಿ ಸಲ ಬೇರೆಯಾಗುವ ಆಟ) ಎಂಬ ಪ್ರಕಾರದ ಹೆಸರು. ಈ ಪದವೂ ಒಂದು ಋಣಸ್ವೀಕಾರವೇ, ಏಕೆಂದರೆ ಅದು 1980ರ ‘ರೋಗ್’ ಎಂಬ ಗೇಮಿನಿಂದ ಬಂದದ್ದು. ‘ಮೆಟ್ರಾಯ್ಡ್‌ವೇನಿಯಾ’ ಎಂಬ ಇನ್ನೊಂದು ಪ್ರಕಾರದ ಹೆಸರಿನಲ್ಲಿ ‘ಮೆಟ್ರಾಯ್ಡ್’, ‘ಕ್ಯಾಸಲ್‌ವೇನಿಯಾ’ ಎಂಬ ಎರಡು ಗೇಮುಗಳ ಹೆಸರುಗಳೂ ಅಡಗಿವೆ. ಆದರೆ ಬಳಸಿ ಬಳಸಿ ಸವೆದ ಈ ಪದಗಳು ದಿಕ್ಕನ್ನು ಮಾತ್ರ ತೋರಿಸುತ್ತವೆ, ಯಾವುದೇ ಒಂದು ಗೇಮಿನಷ್ಟೇ ಚೆನ್ನಾಗಿರುತ್ತೇವೆಂಬ ಮಾತು ಕೊಡುವುದಿಲ್ಲ. ‘ಬಲಾಟ್ರೋ’ದ ಹೆಸರನ್ನು ಒಳಗಿನ ಪುಟಕ್ಕೆ ಒಯ್ದೆವು, ಮತ್ತು ಅಲ್ಲಿ ‘ಪ್ರೇರಣೆ’ ಎಂಬ ಸಡಿಲ ಪದವನ್ನು ಬಿಟ್ಟು ಏನನ್ನು ಪಡೆದೆವು, ಏನನ್ನು ಪಡೆಯಲಿಲ್ಲ ಎಂಬುದನ್ನು ನಾಲ್ಕು ಸಾಲುಗಳಲ್ಲಿ ಬರೆದೆವು. ಆ ಗೇಮಿನ ಕರ್ತೃ ಕೂಡ ತನ್ನ ಋಣವನ್ನು ಮುಚ್ಚಿಟ್ಟವರಲ್ಲ. ‘ಲಕ್ ಬಿ ಎ ಲ್ಯಾಂಡ್‌ಲಾರ್ಡ್’ ಎಂಬ ಗೇಮ್ ತನಗೆ ಪ್ರೇರಣೆಯಾದದ್ದನ್ನು ಹೇಳಿಕೊಂಡಿದ್ದಾರೆ. 2016ರ ‘ಸ್ಟಾರ್‌ಡ್ಯೂ ವ್ಯಾಲಿ’ ಗೇಮಿನ ಕರ್ತೃ ಎರಿಕ್ ಬರೋನ್ ಅವರೂ ‘ಹಾರ್ವೆಸ್ಟ್ ಮೂನ್’ ಗೇಮ್ ಸರಣಿಯ ಪ್ರಭಾವವನ್ನು ಮುಕ್ತವಾಗಿ ಒಪ್ಪಿಕೊಂಡವರೇ.

ಆಟಿ ಕಾರ್ಯಕ್ರಮಗಳಲ್ಲೂ ಕಾಲೇಜುಗಳಲ್ಲೂ ಈ ಫಲಕ ಮೊದಲಿನದರಷ್ಟು ಜನರನ್ನು ಸೆಳೆಯಲಿಲ್ಲ. ಆದರೆ ಕುಳಿತವರು ಆಟ ಮುಗಿಯುವವರೆಗೆ ಕುಳಿತರು. ಒಳಪುಟವನ್ನು ಓದಿದವರು ಬಹಳ ಕಡಿಮೆ, ಓದಿದ ಯಾರೂ ನಕಲಿನ ಮಾತೆತ್ತಲಿಲ್ಲ. ಜನಸಂದಣಿಯೇ ಮುಖ್ಯವಾದವರು, ಉದಾಹರಣೆಗೆ ಒಂದೇ ದಿನದ ಮೇಳಕ್ಕೆ ಹೋಗುವವರು, ಮೊದಲ ದಾರಿಯನ್ನು ಆರಿಸಿಕೊಂಡರೆ ನಾನು ತಪ್ಪೆನ್ನಲಾರೆ. ನನ್ನ ಗೆಳೆಯನ ವಾದ ಇಂದಿಗೂ ಅದೇ.

ನನಗೆ ಹೆಚ್ಚು ಕಷ್ಟವಾದದ್ದು ‘ಇದು ಜನಪದ, ಯಾರ ಹೆಸರೂ ಬೇಡ’ ಎಂಬ ಸುಲಭದ ಸಮಾಧಾನವನ್ನು ಬಿಡುವುದು. ಗೇಮಿನ ಕಥಾಭಾಗಕ್ಕೆ ನಾವು ತುಳುವಿನ ಮೌಖಿಕ ಹಾಡುಕಥೆಯಾದ ಸಿರಿ ಪಾಡ್ದನದ ಅವಳಿ ಸಹೋದರಿಯರಾದ ಅಬ್ಬಗ–ದಾರಗರನ್ನು ತೆಗೆದುಕೊಂಡಿದ್ದೇವೆ. ಚೆನ್ನೆಯಾಟದ ಜಗಳದಲ್ಲಿ ಒಬ್ಬಳು ಮಣೆಯಿಂದಲೇ ಇನ್ನೊಬ್ಬಳನ್ನು ಹೊಡೆದು, ಬಳಿಕ ತಾನೂ ಬಾವಿಗೆ ಹಾರುವ ಕಥೆ ಅದು. ಪಾಡ್ದನಕ್ಕೆ ಕವಿಯ ಹೆಸರಿಲ್ಲ ನಿಜ. ಆದರೆ ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ತುಳು ವಿದ್ವಾಂಸರ ಜೊತೆ ಸೇರಿ 1998ರಲ್ಲಿ ಸಿರಿ ಪಾಡ್ದನವನ್ನು ಪ್ರಕಟಿಸಿದಾಗ, ಅದನ್ನು ಹಾಡಿದ ಮಾಚಾರಿನ ಗೋಪಾಲ ನಾಯ್ಕರ ಹೆಸರನ್ನೂ ಅದರೊಂದಿಗೆ ಮುದ್ರಿಸಿದರು. ಹಾಗಾಗಿ ನಮಗೆ ನಿಯಮಗಳನ್ನು ಕಲಿಸಿದ ಗೆಳೆಯನ ದೊಡ್ಡಮ್ಮನ ಹೆಸರನ್ನೂ ಹಾಕುವುದೆಂದು ನಿರ್ಧರಿಸಿ, ಕಾರ್ಕಳದ ಕಡೆಯ ಅವರ ಮನೆಗೆ ಹೋಗಿ ಕೇಳಿದೆವು. ಅವರು ಒಪ್ಪಲಿಲ್ಲ, ಹೆಸರು ಹಾಕುವುದಾದರೆ ತಮಗೆ ಕಲಿಸಿದ ತಾಯಿಯದನ್ನು ಹಾಕಬೇಕೆಂದರು. ಈಗ ಗೇಮಿನ ಒಳಪುಟದ ಮೊದಲ ಸಾಲಿನಲ್ಲಿರುವುದು ಅದೇ ಹೆಸರು, ‘ಬಲಾಟ್ರೋ’ ಎರಡನೆಯ ಸಾಲಿನಲ್ಲಿದೆ.