ಗೊಜ್ಜು ಮಂದ ಮಾಡಲು ಯಾವ ಹಿಟ್ಟು ವಾಸಿ?

ಗೊಜ್ಜು ನೀರು ನೀರಾದರೆ ಕೈಗೆ ಸಿಕ್ಕ ಹಿಟ್ಟು ಕದಡಿ ಸುರಿಯುವುದು ರೂಢಿ. ಆದರೆ ಒಂದೇ ಹುಣಸೆಗೊಜ್ಜನ್ನು ಪಾಲು ಮಾಡಿ, ಒಂದೊಂದಕ್ಕೆ ಒಂದೊಂದು ಹಿಟ್ಟು ಹಾಕಿ ನೋಡಿ. ಒಲೆಯ ಮೇಲೆ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ, ವ್ಯತ್ಯಾಸ ತಿಳಿಯುವುದು ಆರಿದ ಮೇಲೆ.

ಶಕ್ತಿಯಲ್ಲಿ ಕಾರ್ನ್‌ಫ್ಲೋರ್ ಮುಂದೆ, ಏಕೆಂದರೆ ಅದು ಬರೀ ಪಿಷ್ಟ. 250 ಮಿ.ಲೀ. ಗೊಜ್ಜಿಗೆ ಒಂದು ಟೇಬಲ್ ಚಮಚ ಸಾಕು. ಮೈದಾ ಆದರೆ ಎರಡು ಬೇಕು. ಸುಮಾರು 62ರಿಂದ 72 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಪಿಷ್ಟದ ಕಣಗಳು ನೀರು ಕುಡಿದು ಉಬ್ಬತೊಡಗುತ್ತವೆ. ಉಬ್ಬಿದ ಕಣಗಳು ಒಂದಕ್ಕೊಂದು ಒತ್ತಿಕೊಂಡು ನೀರಿನ ಓಟಕ್ಕೆ ಅಡ್ಡ ನಿಲ್ಲುತ್ತವೆ. ಮಂದವಾಗುವುದು ಎಂದರೆ ಇಷ್ಟೇ. ಪೂರ್ತಿ ಹದ ಸಿಗುವುದು ಕುದಿ ಬಂದಾಗ. ಆಮೇಲೆ ಒಂದೆರಡು ನಿಮಿಷ ಸಾಕು. ಹುಣಸೆಹುಳಿಯಲ್ಲಿ ಬಹಳ ಹೊತ್ತು ಕುದಿಸಿದರೆ ಹುಳಿ ಪಿಷ್ಟದ ಎಳೆಗಳನ್ನು ತುಂಡರಿಸಿ ಗೊಜ್ಜು ಮತ್ತೆ ತೆಳ್ಳಗಾಗುತ್ತದೆ. ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟರೆ ಗಟ್ಟಿಯಾಗಿ ಹೆಪ್ಪುಗಟ್ಟಿ, ಅಂಚಿನಲ್ಲಿ ನೀರು ಬಿಡುತ್ತದೆ. ಸೂಪ್, ಗೋಬಿ ಮಂಚೂರಿ ಗ್ರೇವಿಯಂಥ ಬಿಸಿಬಿಸಿ ತಿನ್ನುವ ಪದಾರ್ಥಕ್ಕೆ ಇದು ಸರಿ, ಗೊಜ್ಜಿಗಲ್ಲ.

ಗೊಜ್ಜಿಗೆ ಅಕ್ಕಿಹಿಟ್ಟೇ ವಾಸಿ. ಅಷ್ಟೇ ಗೊಜ್ಜಿಗೆ ಒಂದೂವರೆ ಚಮಚ ಬೇಕಾಗುತ್ತದೆ, ಹಸಿ ವಾಸನೆ ಹೋಗಲು ಸಣ್ಣ ಉರಿಯಲ್ಲಿ ಐದಾರು ನಿಮಿಷ ಕುದಿಯಬೇಕು. ಆದರೆ ಲೋಳೆಯಾಗುವುದಿಲ್ಲ, ಅನ್ನಕ್ಕೆ ಚೆನ್ನಾಗಿ ಹತ್ತುತ್ತದೆ. ಯಾವ ಹಿಟ್ಟಾದರೂ ಬಿಸಿಗೆ ನೇರವಾಗಿ ಉದುರಿಸಬೇಡಿ: ಹೊರಪದರ ತಕ್ಷಣ ಬೆಂದು ಒಳಗೆ ಒಣಹಿಟ್ಟು ಸಿಕ್ಕಿಬಿದ್ದು ಗಂಟಾಗುತ್ತದೆ. ಮೂರರಷ್ಟು ತಣ್ಣೀರಿನಲ್ಲಿ ಕದಡಿ, ಕೈಯಾಡಿಸುತ್ತಲೇ ಸುರಿಯಿರಿ.

ಹುರಿಗಡಲೆ ಹುರಿದದ್ದೇ ಆದ್ದರಿಂದ ಹಸಿ ವಾಸನೆಯ ತೊಂದರೆ ಇಲ್ಲ. ಇಳಿಸುವ ಹೊತ್ತಿಗೆ ನೀರಾಗಿದೆ ಎಂದು ಗೊತ್ತಾದರೆ ಇದೇ ಸುಲಭದ ಉಪಾಯ. ಸಾಗುವಿಗಂತೂ ತೆಂಗಿನಕಾಯಿಯ ಜೊತೆ ರುಬ್ಬಿದ ಹುರಿಗಡಲೆಗೆ ಸಾಟಿಯಿಲ್ಲ. ನುಣ್ಣಗೆ ರುಬ್ಬದಿದ್ದರೆ ನಾಲಿಗೆಗೆ ತರಿತರಿ ಸಿಗುತ್ತದೆ, ಕೈಯಾಡಿಸದಿದ್ದರೆ ತಳ ಹಿಡಿಯುತ್ತದೆ. ಇಟ್ಟಷ್ಟೂ ನೀರು ಹೀರುವುದರಿಂದ ತುಸು ತೆಳ್ಳಗಿರುವಾಗಲೇ ಇಳಿಸಿ.

ಮಜ್ಜಿಗೆಹುಳಿಯ ಲೆಕ್ಕ ಬೇರೆ. ಅಲ್ಲಿ ಕಡಲೆಬೇಳೆ ಮಂದ ಮಾಡುವುದಷ್ಟೇ ಅಲ್ಲ, ಮೊಸರು ಒಡೆಯದಂತೆಯೂ ಕಾಯುತ್ತದೆ. ಬಿಸಿಗೆ ಮೊಸರಿನ ಪ್ರೋಟೀನ್ ಒಂದಕ್ಕೊಂದು ಅಂಟಿ ಗಂಟಾಗುವಾಗ ಬೇಳೆಯ ಪಿಷ್ಟ ನಡುವೆ ಬಂದು ತಡೆಯುತ್ತದೆ. ಅರ್ಧ ಲೀಟರ್ ಮೊಸರಿಗೆ ಒಂದು ಟೇಬಲ್ ಚಮಚ ಕಡಲೆಬೇಳೆ ನೆನೆಸಿ ಮಸಾಲೆಯೊಂದಿಗೆ ರುಬ್ಬಿ, ಬೆಂದ ಬೂದುಗುಂಬಳದ ಜೊತೆ ಐದು ನಿಮಿಷ ಕುದಿಸಿ. ಮೊಸರು ಹಾಕಿದ ಮೇಲೆ ಕುದಿ ಏಳುವ ಸೂಚನೆ ಕಂಡೊಡನೆ ಆರಿಸಿ.

ಹದವನ್ನು ಕುದಿಯುವಾಗ ಅಳೆಯಬೇಡಿ, ಬಿಸಿಯಲ್ಲಿ ಎಲ್ಲವೂ ತೆಳ್ಳಗೇ ಹರಿಯುತ್ತವೆ. ಒಂದು ಚಮಚವನ್ನು ತಟ್ಟೆಗೆ ಹಾಕಿ, ಆರಿದ ಮೇಲೆ ತಟ್ಟೆ ಓರೆ ಮಾಡಿ ನೋಡಿ. ರುಚಿ ನೋಡಿದ ಚಮಚ ಆರಿದ ಪಾತ್ರೆಗೆ ಮತ್ತೆ ಹೋಗದಿರಲಿ: ಎಂಜಲಿನ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ, ಹುಳಿ ಕಡಿಮೆಯಿರುವ ಗೊಜ್ಜು ಕೂತಲ್ಲೇ ನೀರಾಗಬಹುದು.